ತಳ ಹತ್ತಿದ ದೇಗು

ಕಾಲುವೆ ನೀರಿನ ಭತ್ತ ಕೊಯ್ದು ಮಿಲ್ಲು ಸೇರುವ ಕಾಲ. ಚಳಿಯ ಮುಂಜಾನೆ. ಬಿಸಿಲು ಇನ್ನೂ ಸಿಂಧನೂರಿನ ಮೈದಾನಕ್ಕೆ ಇಳಿದಿರಲಿಲ್ಲ. ಆಹಾರ ಮೇಳದ ಬಿರಿಯಾನಿ ಪಂದ್ಯದ ಡೇರೆಯಲ್ಲಿ ಜುಬೇದಾಬೀ ಸೆರಗಿನ ಮರೆಯಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ತಂಬಿಗೆಯ ತುಂಬ ಕಲ್ಲುಪ್ಪು ಕರಗಿಸಿದ ನೀರು.

ಪಕ್ಕದ ಒಲೆಯ ಕರೀಂಸಾಬ್ ಚಹಾದ ಗಾಡಿಯ ಕಡೆ ಹೊರಟ. ಅವನ ಬೆನ್ನು ತಿರುಗಿದ್ದೇ ತಡ, ಅವಳು ಬಿರಿಯಾನಿ ಬೇಯುವ ದೊಡ್ಡ ಹಂಡೆ, ದೇಗಿನ ಮುಚ್ಚಳ ಸರಿಸಿ, ಅಂಚಿನ ಸುತ್ತಲೂ ತಂಬಿಗೆ ಬಗ್ಗಿಸಿದಳು. ಒಂದು ಹನಿಯೂ ಉಳಿಸಲಿಲ್ಲ.

ಹಿಟ್ಟು ನಾದುತ್ತಿದ್ದ ಮಗಳು ಹುಸ್ನಾ ಹೌಹಾರಿದಳು.

“ಅಮ್ಮಾ! ತಲಿ ಕೆಟ್ಟೈತೇನು ನಿನಗ? ಮಂದಿ ತಿನ್ನೋ ಅನ್ನ ಅದು!”

“ಬಾಯಿ ಮುಚ್ಚು.”

“ಇಷ್ಟು ಚೆಂದ ಮಾಡಿದ್ದು ಮಣ್ಣಿಗೆ ಹಾಕಿದ್ಯಲ್ಲ...”

“ಯಾರಿಗೆ ಮುಟ್ಟಬೇಕೋ ಅವರಿಗೆ ಮುಟ್ಟತದ, ಬೇಟಿ. ನೀ ಹಿಟ್ಟು ನಾದು.”

ಕರೀಂಸಾಬ್ ಮರಳಿ ಬರುವ ಹೊತ್ತಿಗೆ ಜುಬೇದಾಬೀ ತನ್ನ ಒಲೆಯ ಮುಂದೆ ಕೂತು ಕೆಂಡ ಸರಿಮಾಡುತ್ತಿದ್ದಳು. ಅವನು ಅವಳ ದೇಗಿನ ಹತ್ತಿರ ಬಗ್ಗಿದ. ಮೂಗರಳಿಸಿ ಹಬೆ ಎಳೆದುಕೊಂಡ. ಮುಖ ಒಂದು ಗಳಿಗೆ ಸಣ್ಣದಾಯಿತು.

“ಕೈ ಇನ್ನೂ ಹಂಗ ಐತಲ್ಲ ಆಪಾ ನಿಂದು!” ಎಂದ. ಆಮೇಲೆ ಡೇರೆಗೆಲ್ಲ ಕೇಳುವಂತೆ, “ಬೆಂಕಿ ಸಣ್ಣ ಇಡು. ಮತ್ತ ತಳ ಹತ್ತೀತು!”

ಉಳಿದ ಅಡುಗೆಯವರು ನಕ್ಕರು. ಆ ಮಾತಿನ ಕಥೆ ಗೊತ್ತಿಲ್ಲದವರು ಆ ಕಡೆ ಯಾರಿದ್ದಾರೆ?

ಹುಸ್ನಾ ಮೊಲೆಹಾಲು ಕುಡಿಯುವ ಕೂಸಾಗಿದ್ದಾಗಿನ ಮಾತು. ಮಿಲ್ಲಿನ ಸಾಹುಕಾರರ ಮನೆಯ ಮದುವೆ. ಒಂದು ದೇಗು ಜುಬೇದಾಬೀಯದು, ಒಂದು ಕರೀಂಸಾಬನದು. ಗುರುತಿಗೆಂದು ಅವಳದರ ಹಿಡಿಕೆಗೆ ಹಸಿರು ಅರಿವೆ, ಅವನದಕ್ಕೆ ಬಿಳಿ. ಮುಚ್ಚಳದ ಸುತ್ತ ಹಿಟ್ಟು ಮೆತ್ತಿ ದಮ್ ಕಟ್ಟಿ, ದೇಗುಗಳನ್ನು ಇಳಿಸಿಟ್ಟು, ಅವಳು ಅಳುವ ಕೂಸಿಗೆ ಹಾಲು ಕೊಡಲು ಒಳಗೆ ಹೋದಳು. ಬೀಗರ ಮುಂದೆ ಹಸಿರು ಅರಿವೆಯ ದೇಗು ಬಿಚ್ಚಿದರೆ ತಳವೆಲ್ಲ ಕರಕಲು. ಕರೀಂಸಾಬನದು ಮಲ್ಲಿಗೆ ಬಿಡಿಸಿಟ್ಟ ಹಾಗೆ. ಅಂದಿನಿಂದ ಅವಳು ‘ತಳ ಹತ್ತಿದ ಜುಬೇದಾ’. ಗೊರೇಬಾಳದಿಂದ ದಢೇಸುಗೂರಿನವರೆಗೆ ಒಂದು ಮದುವೆಗೂ ಯಾರೂ ಕರೆಯಲಿಲ್ಲ. ದೇಗು ತಿರುವಿದ ಕೈ ಕಂಡವರ ಗದ್ದೆಯಲ್ಲಿ ಸಸಿ ಹಚ್ಚಿತು. ಅವಳು ಯಾರಲ್ಲೂ ತಕರಾರು ಹೇಳಲಿಲ್ಲ. ಕಾದಳು.

ಈಗ ಮೇಳದಲ್ಲಿ ಗೆದ್ದವರಿಗೆ ಅದೇ ಸಾಹುಕಾರರ ಮೊಮ್ಮಗಳ ಮದುವೆಯ ಅಡುಗೆ ಎಂದು ಸಾರಿದ್ದರು. ಹೋದ ಹೆಸರು ತಿರುಗಿ ಬಂದರೆ ಇದೊಂದರಲ್ಲೇ ಬರಬೇಕು.

ದಮ್ ಕಟ್ಟಿದ್ದಾಯಿತು. ಪಂದ್ಯದವರೇ ಕೊಟ್ಟ ದೇಗುಗಳು, ಎಲ್ಲ ಒಂದೇ ಅಳತೆ. ಅವನ್ನು ಒಂದು ಮೂಲೆಯಲ್ಲಿ ಕೆಂಡದ ಮೇಲೆ ಸಾಲಾಗಿ ಇಡಿಸಿ, ಹಿಡಿಕೆಗೆ ನಂಬರಿನ ಬಿಲ್ಲೆ ಕಟ್ಟಿಸಿದರು. ಏಳು ಕರೀಂಸಾಬನದು, ಎಂಟು ಜುಬೇದಾಬೀಯದು. ಇನ್ನು ತೀರ್ಪುಗಾರರು ಬಂದೇ ಬಿಚ್ಚಬೇಕು.

“ನಡಿ, ಮೇಳ ನೋಡೂಣು,” ಎಂದಳು ಜುಬೇದಾಬೀ.

“ದೇಗು ಕಾಯೋರ್ಯಾರು?”

“ಕರೀಂಭಾಯ್ ಅದಾನಲ್ಲ.”

ಮೈದಾನ ತುಂಬಿತ್ತು. ಮಸ್ಕಿಯವರ ಬಾಣಲೆಯಲ್ಲಿ ಮಿರ್ಚಿ ಕುಣಿಯುತ್ತಿತ್ತು. ಲಿಂಗಸುಗೂರಿನ ಹೆಂಗಸರು ಸಜ್ಜೆ ರೊಟ್ಟಿ ಬಡಿಯುತ್ತಿದ್ದರು. ನಿರಾಶ್ರಿತರ ಕ್ಯಾಂಪಿನ ಬಂಗಾಲಿಗಳು ಸಾಸಿವೆ ಹಚ್ಚಿ ಮೀನು ಹುರಿಯುತ್ತಿದ್ದರು. ಜುಬೇದಾಬೀ ಮಿರ್ಚಿ ತಿಂದಳು, ಮಜ್ಜಿಗೆ ಕುಡಿದಳು, ಬಳೆ ಅಂಗಡಿಯ ಮುಂದೆ ಸುಮ್ಮನೆ ಹೊತ್ತು ಕಳೆದಳು. ಹುಸ್ನಾ ತನ್ನ ಪಾಲಿನ ಮಿರ್ಚಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

“ನಮ್ಮ ಮಾನ ಹೋಗತೈತಿ ಅಮ್ಮಾ.”

“ಹೋಗೋ ಮಾನ ಇನ್ನೆಲ್ಲೈತಿ? ಮಿರ್ಚಿ ತಿನ್ನು, ಆರತದ.”

ಬಿಸಿಲು ನೆತ್ತಿಗೆ ಬಂದಾಗ ಮರಳಿದರು. ಜುಬೇದಾಬೀ ಸಾಲಿನ ಮುಂದೆ ನಡೆದು, ಬಿಲ್ಲೆಯ ದಾರಗಳ ಗಂಟನ್ನು ಒಮ್ಮೆ ನೋಡಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ತೀರ್ಪುಗಾರರು ಏಳನೆಯ ದೇಗು ಬಿಚ್ಚಿದರು. ಹಬೆ ಎದ್ದಿತು. ಜನ ವಾಸನೆಗೇ ‘ವಾಹ್’ ಎಂದರು. ಮೊದಲ ತುತ್ತಿಗೆ ಒಬ್ಬರು ಕರವಸ್ತ್ರ ಬಾಯಿಗೆ ಹಿಡಿದರು, ಇನ್ನೊಬ್ಬರು ಡೇರೆಯ ಹೊರಗೆ ಓಡಿದರು.

“ಏನ್ರೀ ಸಾಬ್ರೇ, ಉಪ್ಪಿನ ಚೀಲಾನ ಸುರಿದೀರೇನು?”

ಕರೀಂಸಾಬ್ ಒಂದು ಅಗುಳು ನಾಲಿಗೆಗೆ ಇಟ್ಟ. ಜುಬೇದಾಬೀಯ ಮುಖ ನೋಡಿದ.

“ಇದು... ಈ ದೇಗು...”

“ಯಾಕ ಕರೀಂಭಾಯ್?” ಜುಬೇದಾಬೀ ಕೂತಲ್ಲಿಂದಲೇ ಕೇಳಿದಳು. “ನಿಂದಲ್ಲೇನು? ಅಲ್ಲಂದ್ರ ಹೇಳಿಬಿಡು. ಮಂದಿ ಕೇಳಲಿ.”

ಮಂದಿ ಕಾದರು.

“ನಂದ ಐತಿ,” ಎಂದ ಕರೀಂಸಾಬ್, ನೆಲ ನೋಡುತ್ತ.

ಎಂಟನೆಯ ದೇಗು ಬಿಚ್ಚಿದಾಗ ಸಾಹುಕಾರರೇ ಮುಂದೆ ಬಂದು ತಳ ಕೆದರಿ ನೋಡಿದರು. “ಎಲ್ಲೂ ತಳ ಹತ್ತಿಲ್ಲ ನೋಡ್ರಿ!” ಎಂದರು. ಶಾಲು ಹೊದಿಸಿದರು. ಮದುವೆಯ ದಿನ ಹೇಳಿದರು. ಹುಸ್ನಾ ಬಾಯಿ ತೆರೆದು ನಿಂತೇ ಇದ್ದಳು. ಯಾರೋ ಒಂದು ತಟ್ಟೆ ಬಿರಿಯಾನಿ ತಂದು ಜುಬೇದಾಬೀಯ ಮುಂದೆ ಹಿಡಿದರು. ಅವಳು ಮುಟ್ಟಲಿಲ್ಲ.

“ಬ್ಯಾಡ್ರೀ. ಇವತ್ತ ಹೊಟ್ಟಿ ತುಂಬೈತಿ.”

ಸಂಜೆಯೊಳಗೆ ಊರು ಕರೀಂಸಾಬನಿಗೆ ‘ಉಪ್ಪಿನ ಸಾಬ’ ಎಂದು ಹೆಸರಿಟ್ಟಿತು. ಒಪ್ಪಿಕೊಂಡಿದ್ದ ಮದುವೆಗಳು ಒಂದೊಂದಾಗಿ ಕೈತಪ್ಪಿದವು. ಶುಕ್ರವಾರ ನಮಾಜು ಮುಗಿಸಿ, ದೇಗುಗಳನ್ನು ಟೆಂಪೋಗೆ ಹೇರಿಕೊಂಡು, ಅವನು ಲಿಂಗಸುಗೂರಿನ ಅಳಿಯನ ಮನೆಗೆ ಹೊರಟುಹೋದ.

ಆ ಮುಂಜಾನೆ ಜುಬೇದಾಬೀ ಉಪ್ಪುನೀರು ಸುರಿದದ್ದು ತನ್ನದೇ ದೇಗಿಗೆ. ಬಿಲ್ಲೆ ಅದಲುಬದಲು ಮಾಡಿದವನು ಕರೀಂಸಾಬ್, ಅಂದು ಮದುವೆಯಲ್ಲಿ ಹಸಿರು ಅರಿವೆ ಬಿಚ್ಚಿ ತನ್ನ ಸುಟ್ಟ ದೇಗಿಗೆ ಕಟ್ಟಿದ ಹಾಗೆಯೇ.