ನೂಲು ಕಟ್ಟಿದ ಅಧ್ಯಾಯ

"ನೂಲು ಕತ್ತರಿಸುವ ಮೊದಲೇ ಹೇಳಿಬಿಡುತ್ತೇನೆ. ಕೊಂದದ್ದು ಆ ಎಣ್ಣೆ ಮಾರುವವಳ ಗಂಡ," ಎಂದರು ಅಪೊಲೋನಿಯಾ ಬಾಯಿ, ಬೀಡಿಯ ತುದಿ ಮಡಚುತ್ತ. "ಬಸದಿಯ ಹಿಂದಿನಿಂದ ಬಂದೆ ಅಂತಾನೆ. ಅಲ್ಲಿ ಮೊಣಕಾಲುದ್ದ ಕೆಸರು. ಇವನ ಕಾಲಲ್ಲಿ ಬರೀ ಧೂಳು ಉಂಟು. ಎಂತ, ನಾನು ಕುರುಡಿಯಾ?"

ಬೆಳ್ಮಣ್ಣಿನ ಆ ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಇದೊಂದು ಕ್ರಮ. ನಳಿನಾಕ್ಷಿ ಓದುವುದು, ಉಳಿದವರು ಕಟ್ಟುವುದು. ಓದುವವಳ ತಡ್ಪೆಗೆ, ಎಂದರೆ ಮಡಿಲ ಮೊರಕ್ಕೆ, ಎಲ್ಲರೂ ತಮ್ಮದರಿಂದ ಒಂದೊಂದು ಹಿಡಿ ಬೀಡಿ ಹಾಕುವುದು. ಪುಸ್ತಕ ಬಂದ ದಿನವೇ ಕೊನೆಯ ಅಧ್ಯಾಯವನ್ನು ಬೀಡಿಯ ನೂಲಿನಿಂದ ಬಿಗಿದುಬಿಡುತ್ತಿದ್ದರು. ಕೊಲೆಗಾರ ಯಾರೆಂದು ಪ್ರತಿಯೊಬ್ಬಳೂ ಹೇಳಿದ ಮೇಲೆಯೇ ಕತ್ತರಿ. ಕಾರ್ಕಳದ ಅರಸರ ಕಾಲದ ಬೇಹುಗಾರ ಸಾಂತಯ್ಯನ ಕಥೆಗಳನ್ನೆಲ್ಲ ಹೀಗೆಯೇ ಮುಗಿಸಿದ್ದರು.

ಹೊಸ ಸಾಂತಯ್ಯ ಬಾರದೆ ಎರಡು ವರ್ಷವಾಗಿತ್ತು. ಅಷ್ಟರಲ್ಲಿ ಬಾಯಿಯ ಮಗ ವಿಲ್ಫ್ರೆಡ್ ಬೊಂಬಾಯಿಯಿಂದ ರೇಡಿಯೋ ತಂದ. ಇನ್ನು ಜಗಲಿಗೆ ಅದೇ ಸಾಕು ಎಂಬ ಮಾತು ಎದ್ದಾಗ, "ಸಾಂತಯ್ಯ ಒಮ್ಮೆ ಬರಲಿ, ಮತ್ತೆ ನೋಡುವ" ಎಂದು ತಡೆದು ನಿಲ್ಲಿಸಿದವಳು ನಳಿನಾಕ್ಷಿಯೇ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ಅವಳು. ಈ ಓದು ನಿಂತರೆ ತನ್ನ ಪಾಲಿಗೆ ಅಕ್ಷರವೆಂದು ಉಳಿಯುವುದು ಬೀಡಿ ಕಟ್ಟಿನ ಲೇಬಲ್ ಮಾತ್ರ ಎಂದು ಅವಳಿಗೆ ಗೊತ್ತಿತ್ತು.

ಕೊನೆಗೂ ಬಂದ ಈ ಸಾಂತಯ್ಯ ಯಾಕೋ ಮೊದಲಿನವನಾಗಿರಲಿಲ್ಲ. ಗದ್ದೆಯ ಹುಣಿಯ ಮೇಲೆ ನಡೆದು, ಕಂಡವರನ್ನೆಲ್ಲ ಮಾತನಾಡಿಸುತ್ತಿದ್ದವನು ಕುದುರೆಯಿಂದ ಇಳಿಯಲೇ ಇಲ್ಲ. ಕೊನೆಯಲ್ಲಾದರೂ ಇಳಿದಾನು ಎಂದುಕೊಂಡು ನಳಿನಾಕ್ಷಿ ನೂಲು ಕತ್ತರಿಸಿದಳು.

ಅರ್ಧ ಪುಟ ಓದುವಷ್ಟರಲ್ಲಿ ಅವಳ ಕಣ್ಣು ಮುಂದಿನ ಸಾಲುಗಳಿಗೆ ಓಡಿ ಅಲ್ಲೇ ನಿಂತಿತು. ಸಾಂತಯ್ಯನಿಗೆ ಕನಸು ಬಿದ್ದಿತ್ತು. ಕನಸಿನಲ್ಲಿ ದೇವಿ ಬಂದು, ಕಥೆಯಲ್ಲಿ ಇದುವರೆಗೆ ಹೆಸರೇ ಇಲ್ಲದಿದ್ದ ಒಬ್ಬ ಮಂತ್ರವಾದಿಯ ಕಡೆ ಬೆರಳು ತೋರಿಸಿದ್ದಳು.

ನಳಿನಾಕ್ಷಿ ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿದಳು. ಮತ್ತೆ ಸ್ವರ ಏರಿಸಿ, "ಸಾಂತಯ್ಯನು ಕುದುರೆಯಿಂದಿಳಿದು ಎಣ್ಣೆಯವಳ ಗಂಡನ ಪಾದಗಳನ್ನೇ ದಿಟ್ಟಿಸಿದನು. 'ಕೆಸರನ್ನು ದಾಟಿ ಬಂದವನ ಕಾಲು ಇಷ್ಟು ಒಣಗಿರುವುದೆಂತು?' ಎಂದನು..." ಎಂದು ನಿಲ್ಲಿಸದೆ ಓದಿಕೊಂಡು ಹೋದಳು. ಜಗಲಿಯಲ್ಲಿ ಕತ್ತರಿಗಳ ಸದ್ದು ಅಡಗಿತು. ಕಟ್ಟುವ ಬೆರಳುಗಳೂ ನಿಂತವು.

"ನಳಿನೀ," ಎಂದರು ಅಪೊಲೋನಿಯಾ ಬಾಯಿ ಮೆಲ್ಲಗೆ. "ಆಗಿನಿಂದ ಓದುತ್ತಿದ್ದೀ. ಪುಟ ಮಗುಚಲೇ ಇಲ್ಲವಲ್ಲ."

"ಇದು... ಉದ್ದದ ಪುಟ ಬಾಯಮ್ಮ."

"ನನ್ನನ್ನು ಗೆಲ್ಲಿಸಲಿಕ್ಕೆ ಹೊರಟಿದ್ದೀಯಾ? ಬರೆದದ್ದನ್ನೇ ಓದು ಮಾರಾಯ್ತಿ. ಎಷ್ಟು ಕೆಟ್ಟದಿದ್ದರೂ ನಮ್ಮ ಸಾಂತಯ್ಯನೇ ಅಲ್ವಾ?"

ನಳಿನಾಕ್ಷಿ ಕನಸನ್ನು ಓದಿದಳು, ದೇವಿಯನ್ನು ಓದಿದಳು, ಮಂತ್ರವಾದಿಯ ತಲೆ ಕಡಿಸಿದಳು. ಓದುತ್ತಿದ್ದಂತೆ ಒಂದು ಕತ್ತರಿ ಎಲೆಯ ಮೇಲೆ ಆಡತೊಡಗಿತು, ಅದರ ಹಿಂದೆ ಇನ್ನೊಂದು. ಪುಸ್ತಕ ಮುಗಿಯುವಾಗ ಯಾರೂ ತಲೆ ಎತ್ತಿರಲಿಲ್ಲ.

"ಬೀಳುವ ಕನಸು ಮೊದಲನೆಯ ಪುಟದಲ್ಲೇ ಬೀಳಬಾರದಿತ್ತಾ?" ಎಂದರು ಬಾಯಿ. "ನಾವು ಇಷ್ಟು ದಿನ ಊರವರ ಕಾಲೆಲ್ಲ ನೋಡಿದ್ದು ಎಂತಕ್ಕೆ?" ಒಬ್ಬಿಬ್ಬರು ನಕ್ಕರು. ನಗು ಬೆಳೆಯಲಿಲ್ಲ. ಮತ್ತೆ ನಳಿನಾಕ್ಷಿಯ ಮುಖ ನೋಡದೆ, "ನಾಳೆ ಆ ರೇಡಿಯೋವನ್ನೇ ತರುತ್ತೇನೆ, ಆಗದಾ?" ಎಂದರು. ಯಾರೂ ಆಗದು ಎನ್ನಲಿಲ್ಲ.

ಸಂಜೆ, ಕಟ್ಟಿದ ಬೀಡಿ ಒಯ್ಯಲು ಬಂದ ಬೀಡಿ ಬ್ರಾಂಚಿನ ದೇಜಪ್ಪ ಸೈಕಲ್ ಒರಗಿಸಿ ಜಗಲಿ ಹತ್ತಿದವನು ತಡ್ಪೆಗಳನ್ನು ನೋಡಿ ಹುಬ್ಬೇರಿಸಿದ. ನಳಿನಾಕ್ಷಿಯ ಪಾಲಿಗೆ ಬಿದ್ದ ರಾಶಿಯೂ ತುಂಬಿ ತುಳುಕುತ್ತಿತ್ತು.

"ಇದೆಂತ ಮಾರಾಯ್ತಿ! ನಿಮ್ಮ ಆ ಸಾಂತಯ್ಯ ಬಂದ ದಿನ ಎಲ್ಲರೂ ಕೈ ನಿಲ್ಲಿಸಿ ಕೇಳುವುದು, ನನಗೆ ಅರ್ಧದಷ್ಟು ಬೀಡಿಯೂ ಸಿಕ್ಕುವುದಿಲ್ಲ. ಇವತ್ತು ಓದಲಿಲ್ಲವಾ?"

"ಓದಿಯಾಯಿತು ದೇಜಪ್ಪ," ಎಂದರು ಬಾಯಿ. "ನಾಳೆಯಿಂದ ರೇಡಿಯೋ."

"ಅಯ್ಯೋ, ರೇಡಿಯೋ ಎಂತಕ್ಕೆ?" ದೇಜಪ್ಪ ನಳಿನಾಕ್ಷಿಯ ಕಡೆ ತಿರುಗಿ ಪ್ರೀತಿಯಿಂದ ನಕ್ಕ. "ಇದೇ ನಮೂನೆಯ ಪುಸ್ತಕ ಇನ್ನೊಂದು ಇದ್ದರೆ ಹೆಸರು ಹೇಳು ನಳಿನೀ. ಉಡುಪಿಯಿಂದ ನಾನೇ ತಂದುಕೊಡುತ್ತೇನೆ."