ಮನೆಸಾಲಿನ ಹುಳು

“ಹುಳ ಇಲ್ಲಿಂದ ತಗೊ, ಮಣ್ಣ ಅಲ್ಲಿಂದ ತಗೊ. ಎರಡೂ ನಮ್ಮ ಹೊಲದ್ದೇ ಅಲ್ಲೇನು?” ಎಂದ ವಿರುಪಾಕ್ಷಪ್ಪ. ಇಂಥದೊಂದು ಉಪಾಯ ಹೊಳೆದದ್ದಕ್ಕೆ ಅವನಿಗೆ ತನ್ನ ಮೇಲೇ ಅಭಿಮಾನ ಬಂದಿತ್ತು. ಮಗಳು ಕೋಮಲ ಮಾತ್ರ ಗುದ್ದಲಿ ಕೆಳಗಿಡಲಿಲ್ಲ.

ಅವಳು ನಿಂತಿದ್ದದ್ದು ಮನೆಸಾಲಿನ ಬುಡದಲ್ಲಿ. ವಿರುಪಾಕ್ಷಪ್ಪ ತೆಲಸಂಗದ ಈ ಹೊಲದಲ್ಲಿ ದ್ರಾಕ್ಷಿ ಹಚ್ಚಿದಾಗಿನಿಂದ ಒಂದು ಸಾಲು ಬಳ್ಳಿಯನ್ನು ಮನೆಮಂದಿಗೆಂದೇ ಬೇರೆ ಇಟ್ಟಿದ್ದ. ಅದಕ್ಕೆ ಔಷಧ ಹೊಡೆಯುವುದಿಲ್ಲ. ತಿಪ್ಪೆಗೊಬ್ಬರ, ನೀರು, ಅಷ್ಟೇ. ಕಾಯಿ ಸಣ್ಣವು, ಒಂದಿಷ್ಟು ರೋಗ ಬಿದ್ದು ಉದುರುತ್ತವೆ, ಉದುರಲಿ. ಮನೆಯವರು, ಬೀಗರು ತಿನ್ನುವುದು ಇದನ್ನೇ. ನಡುವಿನ ಜೋಳದ ಹೊಲ ದಾಟಿದರೆ ದೊಡ್ಡ ಪಡ, ಎಕರೆಗಟ್ಟಲೆ ದ್ರಾಕ್ಷಿತೋಟ. ಅಲ್ಲಿಯ ಹಣ್ಣು ಪೇಟೆಗೆ. ಅದಕ್ಕೆ ಮೋಡ ಕವಿದರೂ ಔಷಧ, ಮಂಜು ಬಿದ್ದರೂ ಔಷಧ.

ಕೋಮಲ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ, ಜೀವವಿಜ್ಞಾನ ಎರಡನ್ನೂ ಕೂಡಿಸಿ ಓದುತ್ತಿದ್ದಳು. ಅವಳಿಗೆ ಸೀಟು ಸಿಕ್ಕಾಗ “ನಮ್ಮ ಹುಡುಗಿ ಎರಡೆರಡು ಸೈನ್ಸ್ ಓದತಾಳ” ಎಂದು ಚಹಾದಂಗಡಿಯಲ್ಲಿ ಕೂತು ಊರಿಗೆಲ್ಲ ಡಂಗುರ ಸಾರಿದವನು ಇದೇ ವಿರುಪಾಕ್ಷಪ್ಪ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ತಮ್ಮ ತೋಟವನ್ನೇ ಆರಿಸಿಕೊಂಡಾಗಲೂ ಹಿಗ್ಗಿದ್ದ. ಆ ಹಿಗ್ಗು ಇಳಿದದ್ದು ನಿನ್ನೆ. ದೊಡ್ಡ ಪಡದಲ್ಲಿ ಎಲ್ಲಿ ಅಗೆದರೂ ಅವಳಿಗೆ ಎರೆಹುಳು ಸಿಗಲಿಲ್ಲ. ಮನೆಸಾಲಿನಲ್ಲಿ ಗುದ್ದಲಿ ಹಾಕಿದಲ್ಲೆಲ್ಲ ಮಿಜಿಮಿಜಿ ಎನ್ನುತ್ತಿದ್ದವು.

“ಬರೇ ಮಣ್ಣ ನೋಡಿದ್ರ ದೊಡ್ಡ ಪಡಕ್ಕ ಏನೂ ಆಗಿಲ್ಲ, ಸಾರ ತುಂಬಿ ತುಳಕಾಕತ್ತೈತಿ,” ಎಂದಳು ಕೋಮಲ. “ಬರೇ ಹುಳ ನೋಡಿದ್ರ ಮನಿಸಾಲಿನ್ಯಾಗ ಭರಪೂರ ಅದಾವ. ಮಣ್ಣು, ಹುಳ ಎರಡೂ ಒಂದೇ ತೆಗ್ಗಿನಾಗ ನೋಡಿದ್ರಷ್ಟೇ ಖರೇ ಗೊತ್ತಾಗೂದು. ಅದನ್ನ ಕಲಿಯಾಕೇ ನಾ ಹೋಗಿದ್ದು.”

“ನಿಮ್ಮ ಸರ್ ಏನ್ ಇಲ್ಲಿ ಬಂದು ನೋಡತಾರೇನ್?”

“ಸರ್ ನೋಡೂದಿಲ್ಲ. ನಾ ನೋಡೇನಲ್ಲ.”

“ಔಷಧ ಹೊಡೀದಿದ್ರ ಬಳ್ಳಿ ಉಳೀತಾವೇನ್ ಬೇ?”

“ಹೊಡೀಬ್ಯಾಡ ಅಂದಿಲ್ಲಪಾ ನಾ. ಹೊಡದಿದ್ದನ್ನ ಮುಚ್ಚಬ್ಯಾಡ ಅಂದೆ.”

ವಿರುಪಾಕ್ಷಪ್ಪನ ಉಪಾಯ ಮುಗಿದಿತ್ತು, ಸಿಟ್ಟು ಉಳಿದಿತ್ತು. “ಒಂದೇ ಸೈನ್ಸ್ ಓದಿಸಿದ್ರ ಈ ತ್ರಾಸ ಇರ್ತಿರ್ಲಿಲ್ಲ. ನೋಡು, ನಮ್ಮ ಪಡದ ಹೆಸರ ಕೆಡಿಸಿ ಬರದಿ ಅಂದ್ರ, ಸೂಟಿ ಮುಗದ ಮ್ಯಾಲ ನೀ ಹೋಗೂದು ಬ್ಯಾಡ. ಮನ್ಯಾಗೇ ಇರು.”

ಕೋಮಲಳಿಗೆ ಇನ್ನೊಂದೇ ಸೆಮಿಸ್ಟರ್ ಉಳಿದಿತ್ತು. ಅಪ್ಪ ಆಡಿದ್ದನ್ನು ಮಾಡುವ ಮನುಷ್ಯ. ಅಕ್ಕ ಶೀತಲಳ ಕಾಲೇಜೂ ಹೀಗೇ ಒಂದು ಮಾತಿಗೆ ನಿಂತುಹೋಗಿತ್ತು. ಹೆದರಿಕೆಯಾಯಿತು, ನಿಜ. ಹೆದರಿಕೆಗಿಂತ ಹೆಚ್ಚು ರೋಷ ಬಂತು.

“ಇಟ್ಕೊ. ಮನ್ಯಾಗಿದ್ರ ದಿನಾ ಬಂದು ಅಗೀತೀನಿ,” ಎಂದಳು.

ಅಷ್ಟರಲ್ಲಿ ದುಂಡೇಶನ ಗಾಡಿ ಬಂದು ನಿಂತಿತು. ದೊಡ್ಡ ಪಡದ ಹಣ್ಣನ್ನು ಪ್ರತಿ ವರ್ಷ ಹಿಡಿಯುವ ವ್ಯಾಪಾರಿ ಅವನು. ಕೂಲಿಯವರು ಕ್ರೇಟು ಹೊತ್ತು ಪಡದ ಕಡೆ ನಡೆದರು. ವಿರುಪಾಕ್ಷಪ್ಪ ಮಗಳ ಮುಂದೆ ಅಡ್ಡ ನಿಂತ.

“ತಂಗಿ ಏನ್ ಅಗ್ಯಾಕತ್ತಾಳ್ರಿ ಸಾವಕಾರ್ರ?” ಎಂದು ದುಂಡೇಶ ಕೇಳಿದ.

“ಏನಿಲ್ಲ, ಗೊಬ್ಬರ ಹಾಕಾಕತ್ತಾಳ.”

“ಎರಿಹುಳ ಹುಡಕಾಕತ್ತೀನ್ರಿ ಕಾಕಾ,” ಎಂದಳು ಕೋಮಲ ಅಪ್ಪನ ಬೆನ್ನ ಹಿಂದಿನಿಂದ. “ನೀವು ಒಯ್ಯೋ ಪಡದಾಗ ಒಂದೂ ಇಲ್ಲ.”

ದುಂಡೇಶ ಕೇಳಿಯೂ ಕೇಳದವನ ಹಾಗೆ ತಲೆಯ ಟೋಪಿ ಸರಿಮಾಡಿಕೊಂಡ. “ಸಾವಕಾರ್ರ, ಮಗಳು ತವರಿಗೆ ಬಂದಾಳ್ರಿ, ಬಸುರಿ. ದ್ರಾಕ್ಷಿ ಬೇಕಂತ ಒಂದೇ ಸವನ ಹಟ ಹಿಡದಾಳ. ಒಂದ್ನಾಕ್ ಗೊಂಚಲ ಕೊಡ್ರಲ್ಲ.”

ವಿರುಪಾಕ್ಷಪ್ಪ ಹಿಂದೆ ಮುಂದೆ ನೋಡಲಿಲ್ಲ. ಕಿಸೆಯಿಂದ ಕತ್ತರಿ ತೆಗೆದು ಮನೆಸಾಲಿನ ಬಳ್ಳಿಗೆ ಕೈ ಹಾಕಿದ.

“ಅಪ್ಪಾ,” ಎಂದಳು ಕೋಮಲ, “ಕಾಕಾರ ಮಾಲು ಅಲ್ಲಿ ಕ್ರೇಟಿನ್ಯಾಗ ತುಂಬಾಕತ್ತಾರಲ್ಲ. ಅದರಾಗಿಂದ ಕೊಡು.”

ಕತ್ತರಿ ಹಿಡಿದ ಕೈ ಬಳ್ಳಿಯಲ್ಲೇ ನಿಂತಿತು. ವಿರುಪಾಕ್ಷಪ್ಪ ದುಂಡೇಶನ ಮುಖ ನೋಡಿದ, ದುಂಡೇಶ ವಿರುಪಾಕ್ಷಪ್ಪನ ಮುಖ ನೋಡಿದ. ಆಮೇಲೆ ದುಂಡೇಶ ಹಲ್ಲು ಬಿಟ್ಟು ನಕ್ಕ.

“ಬ್ಯಾಡ್ರಿ, ಮನಿಸಾಲಿಂದೇ ಕೊಡ್ರಿ. ನಮಗೇನ್ ಗೊತ್ತಿಲ್ಲೇನ್ ತಂಗಿ? ನಾ ಯಾರ ಪಡಕ್ಕ ಹೋದ್ರೂ ಮನಿಗಿ ಒಯ್ಯೂದು ಮನಿಸಾಲಿನ ಹಣ್ಣೇ.”

ವಿರುಪಾಕ್ಷಪ್ಪನಿಗೆ ಹೋದ ಜೀವ ಬಂದಂತಾಯಿತು. ಗೊಂಚಲುಗಳನ್ನು ಕತ್ತರಿಸಿ ದುಂಡೇಶನ ಕೈಚೀಲದಲ್ಲಿ ಜತನದಿಂದ ಇಟ್ಟ. ದುಂಡೇಶ ಚೀಲ ಹಿಡಿದು ಗಾಡಿಯ ಕಡೆ ಹೋದ ಮೇಲೆ ಗೆದ್ದವನ ಹಾಗೆ ಮಗಳ ಕಡೆ ತಿರುಗಿದ. ಕೋಮಲ ಆಗಲೇ ಗುದ್ದಲಿ ಹೆಗಲಿಗಿಟ್ಟುಕೊಂಡು, ಮಣ್ಣು ತುಂಬಲು ಖಾಲಿ ಚೀಲ ಹಿಡಿದು ದೊಡ್ಡ ಪಡದ ದಾರಿ ಹಿಡಿದಿದ್ದಳು. ಓದು ನಿಂತರೆ ನಿಲ್ಲಲಿ, ಬರೆಯುವುದನ್ನಂತೂ ಬರೆದೇ ತೀರುತ್ತೇನೆ ಎಂದು ಅವಳು ತೀರ್ಮಾನಿಸಿಯಾಗಿತ್ತು.

“ಕೇಳಿದಿಲ್ಲೋ?” ಎಂದು ವಿರುಪಾಕ್ಷಪ್ಪ ಹಿಂದಿನಿಂದ ಕೂಗಿದ. “ಮಾರಾವ್ರಿಗೂ ಗೊತ್ತೈತಿ, ಕೊಳ್ಳಾವ್ರಿಗೂ ಗೊತ್ತೈತಿ. ಮತ್ತ ನೀ ಯಾರಿಗಂತ ಬರ್ಯಾಕ ಹೊಂಟಿ?”

ಕೋಮಲ ಜೋಳದ ಹೊಲದ ನಡುವೆ ನಿಂತು ತಿರುಗಿ ನೋಡಿದಳು.

“ಮನಿಸಾಲು ಇಲ್ಲದವ್ರಿಗೆ,” ಎಂದಳು.