ಬಾಯಿ ಬಿಡದ ಪ್ರತಿನಿಧಿ

ಮೂಗಿನ ತುದಿಯ ಮೇಲೆ ನೊಣ ಕೂತಿತ್ತು. ಬಾ ಲ್ವಿನ್ ಅದನ್ನು ಓಡಿಸಲಿಲ್ಲ. ಕೈ ಎತ್ತಿದರೆ ಮಾತಾಡಲು ಅವಕಾಶ ಕೇಳಿದಂತೆ. ಮಾತಾಡಿದರೆ ಮಗಳು ಜೈಲಿನಲ್ಲೇ ಕೊಳೆಯಬೇಕು.

ನೆರೆಹೊರೆಯ ದೇಶಗಳ ಕೂಟ ಬ್ಯಾಂಕಾಕಿನ ಹೋಟೆಲೊಂದರಲ್ಲಿ ಸೇರಿತ್ತು. ಬರ್ಮಾದಲ್ಲಿ ಬಂದೂಕು ಹಿಡಿದು ಗಾದಿಗೇರಿದ ಜನರಲ್‌ಗೆ ಅಲ್ಲಿ ಪ್ರವೇಶವಿಲ್ಲ. ಹಾಗೆಂದು ನೆರೆಮನೆಯವರ ಮುಖಕ್ಕೆ ಬಾಗಿಲು ಹಾಕುವಷ್ಟು ಎದೆಗಾರಿಕೆ ಕೂಟಕ್ಕೂ ಇಲ್ಲ. ರಾಜಕೀಯದ ಸೋಂಕಿಲ್ಲದ ಒಬ್ಬರನ್ನು ಕಳಿಸಿ, ಸಾಕು ಎಂದು ಕೇಳಿಕೊಂಡಿತ್ತು. ಅಂಥವರನ್ನು ಹುಡುಕಿ ಸುಸ್ತಾದ ಜನರಲ್‌ನ ಬಂಟ ಕರ್ನಲ್ ಥೆಟ್ ವೈ ಕೊನೆಗೆ ಹವಾಮಾನ ಕಚೇರಿಗೆ ಬಂದಿದ್ದ. ಮಳೆ ಬರಬಹುದು, ಬಾರದೆಯೂ ಇರಬಹುದು ಎನ್ನುತ್ತಲೇ ತಲೆ ನರೆಸಿಕೊಂಡಿದ್ದ ಬಾ ಲ್ವಿನ್ ಅವನಿಗೆ ಬಹಳ ಹಿಡಿಸಿದ.

ತೊಡಕೊಂದೇ. ಬಾ ಲ್ವಿನ್‌ನ ಮಗಳು ಯೂಪಾ ಜೈಲಿನಲ್ಲಿದ್ದಳು. ಮನೆಗೆ ದೆವ್ವ ಹೊಕ್ಕರೆ ಪಾತ್ರೆ ಬಡಿದು ಓಡಿಸುವುದು ಅಜ್ಜಿಯರ ಕಾಲದ ಪದ್ಧತಿ. ಜನರಲ್ ಬಂದ ಮೇಲೆ ಸಂಜೆಯಾದರೆ ಊರಿಗೆ ಊರೇ ಪಾತ್ರೆ ಬಡಿಯತೊಡಗಿತ್ತು. ಯೂಪಾ ತುಸು ಜೋರಾಗಿ ಬಡಿದಿದ್ದಳು.

"ಮಗಳು ದೇಶದ್ರೋಹಿ, ಅಪ್ಪಂಗೆ ರಾಜಕೀಯಾನೇ ಗೊತ್ತಿಲ್ಲ ಅಂದ್ರೆ ಯಾರು ನಂಬ್ತಾರೆ ಸಯಾ?" ಎಂದ ಕರ್ನಲ್. ಬಯ್ಯುವಾಗಲೂ ಅವನು ಹಿರಿಯರನ್ನು 'ಸಯಾ' ಎಂದು ಮರ್ಯಾದೆಯಿಂದಲೇ ಕರೆಯುತ್ತಿದ್ದ. ಮರುದಿನ ನಗುತ್ತ ಮನೆಗೇ ಬಂದ. "ಎಲ್ಲ ಸರಿ ಮಾಡ್ಸಿದೀನಿ. ಈಗ ಅವಳ ಕೇಸು ಬರೀ ಪಾತ್ರೆ ಕಳ್ಳತನ."

ಹೆಂಡತಿ ಟಿನ್ ಶ್ವೆ ಸೌಟು ಹಿಡಿದೇ ಹೊರಗೆ ಬಂದಳು. "ನಮ್ಮನೆ ಪಾತ್ರೇನ ನಮ್ಮ ಮಗಳೇ ಕದ್ಲಂತಾ? ನೀವು ಅದಕ್ಕೂ ಹೂಂ ಅಂದ್ರಾ?"

"ಮೆಲ್ಲಗೆ ಮಾತಾಡೇ. ಅಲ್ಲಿ ಬಾಯಿ ಮುಚ್ಕೊಂಡು ಕೂತು ಬಂದ್ರೆ ಯೂಪಾ ವಿಚಾರ ನೋಡೋಣ ಅಂದಿದಾರೆ."

ಹಾಗಾಗಿ ಬಾ ಲ್ವಿನ್ ಬಾಯಿ ಮುಚ್ಚಿಕೊಂಡು ಕೂತಿದ್ದ. ರಾಜಕೀಯದ ಸೋಂಕು ತಗುಲಿದ್ದ ಕರ್ನಲ್‌ಗೆ ಒಳಗೆ ಜಾಗವಿರಲಿಲ್ಲ. ಗಾಜಿನ ಬಾಗಿಲಿನಾಚೆ ನಿಂತು ಕಣ್ಣಿಟ್ಟಿದ್ದ. ಒಳಗಿನ ಮಾತು ಅವನಿಗೆ ಕೇಳಿಸುತ್ತಿರಲಿಲ್ಲ.

ಬೆಳಗೆಲ್ಲ ಒಂದೇ ಚರ್ಚೆ. ಬರ್ಮಾದ ಬಗ್ಗೆ ಕೂಟಕ್ಕಿರುವುದು ಕಳವಳವೋ, ತೀವ್ರ ಕಳವಳವೋ?

"ತೀವ್ರ ಅಂದ್ರೆ ಪಕ್ಕದವರು ನೊಂದ್ಕೊಳ್ತಾರೆ," ಎಂದರೊಬ್ಬರು.

"ಬರೀ ಕಳವಳಾನ ಹೋದ ವರ್ಷಾನೇ ಪಟ್ಟಾಗಿದೆಯಲ್ರೀ," ಎಂದರು ಇನ್ನೊಬ್ಬರು.

ಊಟದ ವಾಸನೆ ಮೂಗಿಗೆ ಬಡಿದ ಮೇಲೆ 'ತಕ್ಕಮಟ್ಟಿಗೆ ತೀವ್ರ ಕಳವಳ' ಎಂದು ರಾಜಿಯಾಯಿತು.

ಅಧ್ಯಕ್ಷೆಯಾಗಿದ್ದ ಥಾಯ್ ಮಂತ್ರಿ ರಾರಿನ್ ಆಕಳಿಸುತ್ತ ಮುಂದಿನ ಸಾಲು ಓದಿದರು. "ಬರ್ಮಾದ ರಾಜಕೀಯ ಕೈದಿಗಳನ್ನೆಲ್ಲ ಬಿಡ್ಬೇಕು. ಯಾರದಾದ್ರೂ ತಕರಾರಿದ್ಯಾ?"

ಕೂಟದಲ್ಲಿ ಮತ ಎಣಿಸುವ ರೂಢಿಯಿಲ್ಲ. ತಕರಾರು ಎತ್ತದವರೆಲ್ಲ ಒಪ್ಪಿದಂತೆ. ಪ್ರತಿ ಸಲವೂ ಬರ್ಮಾದಿಂದ ಬಂದವರು ಮೇಜು ಗುದ್ದಿ ಕೂಗಾಡುತ್ತಿದ್ದರು, ಸಾಲು ಹೊಡೆದುಹಾಕಿ ಎಲ್ಲರೂ ಊಟಕ್ಕೆ ಏಳುತ್ತಿದ್ದರು. ಈಗಲೂ ಎಲ್ಲರೂ ಪೆನ್ನು ಬಿಚ್ಚಿ ಬಾ ಲ್ವಿನ್‌ನತ್ತ ತಿರುಗಿದರು.

ಬೇಡ ಎನ್ನಬೇಕಾದರೆ ಬಾಯಿ ಬಿಡಬೇಕು. ಅವನು ಬಾಗಿಲಿನತ್ತ ನೋಡಿದ. ತುಟಿ ಬಿಚ್ಚದ ತನ್ನ ಪ್ರತಿನಿಧಿಯನ್ನು ಕಂಡು ಕರ್ನಲ್ ಹೆಬ್ಬೆರಳೆತ್ತಿ ಶಭಾಷ್ ಎನ್ನುತ್ತಿದ್ದ. ಆಗ ಬಾ ಲ್ವಿನ್‌ಗೆ ಹೊಳೆಯಿತು: ಎಲ್ಲ ಕೈದಿಗಳು ಎಂದರೆ ಯೂಪಾ ಕೂಡ! ಮೇಲಿನವರ ಮಾತು ಪಾಲಿಸುವುದರಲ್ಲಿ ಇಷ್ಟು ಸುಖವಿದೆಯೆಂದು ಇಷ್ಟು ವರ್ಷದ ನೌಕರಿಯಲ್ಲಿ ಅವನಿಗೆ ಗೊತ್ತೇ ಇರಲಿಲ್ಲ. ತುಟಿಗಳನ್ನು ಇನ್ನಷ್ಟು ಬಿಗಿದ.

ರಾರಿನ್ ಸುತ್ತಿಗೆ ಕುಟ್ಟಿ ಸಾಲು ಪಾಸು ಮಾಡಿದರು. ಬೇರೆ ಗತಿಯಿರಲಿಲ್ಲ.

"ಒಂದೇ ಒಂದು ಮಾತು ಆಡೋಕೇನಾಗಿತ್ತು ಸಯಾ?" ಹೊರಗೆ ಕರ್ನಲ್ ತಲೆ ಚಚ್ಚಿಕೊಂಡ.

"ನೀವೇ ಬೇಡ ಅಂದಿದ್ರಲ್ಲ ಸರ್."

ಜನರಲ್ ಫೋನಿನಲ್ಲಿ ಕೆಂಡ ಕಾರಿದ. ಆಮೇಲೆ ತಣ್ಣಗಾದ. ಮುಂದಿನ ಕೂಟದಲ್ಲಿ ಅವನಿಗೂ ಒಂದು ಕುರ್ಚಿ ಬೇಕಿತ್ತು. ರಾಜಕೀಯ ಕೈದಿಗಳನ್ನೆಲ್ಲ ಬಿಟ್ಟುಬಿಡಿ ಎಂದ. ಆಡಿದ ಮಾತಿಗೆ ತಪ್ಪಲೂ ಇಲ್ಲ.

ಬಿಡುಗಡೆಯ ದಿನ ಜೈಲಿನ ಮುಂದೆ ಜನಜಾತ್ರೆ. ಗಂಡಸರು ಬಾ ಲ್ವಿನ್‌ನನ್ನು ಹೆಗಲ ಮೇಲೆ ಹೊತ್ತು ಕುಣಿಸಿದರು. ಮುದುಕಿಯೊಬ್ಬಳು ಅವನ ಕೈ ಹಿಡಿದು ಅತ್ತಳು. ಟಿನ್ ಶ್ವೆ ಮಗಳಿಗೆ ಇಷ್ಟವಾದ ಚಹಾ ಎಲೆಯ ಕೋಸಂಬರಿ ಮಾಡಿ ತಂದಿದ್ದಳು. ಕೈದಿಗಳು ಸಾಲುಸಾಲಾಗಿ ಬಂದರು. ಅಪ್ಪುಗೆ, ಅಳು, ನಗು. ಒಬ್ಬೊಬ್ಬರೇ ತಮ್ಮವರನ್ನು ಕರೆದುಕೊಂಡು ಹೊರಟುಹೋದರು. ಬಯಲು ಬರಿದಾಯಿತು. ಜೈಲರ್ ಬಾಗಿಲು ಎಳೆಯತೊಡಗಿದ.

ಬಾ ಲ್ವಿನ್ ಓಡಿಹೋಗಿ ಸಂದಿಗೆ ಕಾಲಿಟ್ಟ. "ಸರ್, ನನ್ನ ಮಗಳು ಯೂಪಾ ಇನ್ನೂ ಬಂದಿಲ್ಲ. ರಾಜಕೀಯ ಕೈದಿಗಳನ್ನೆಲ್ಲ ಬಿಡ್ತೀವಿ ಅಂದಿದ್ರಲ್ಲ?"

"ಬಿಟ್ಟಾಯ್ತಲ್ಲ ಸಯಾ," ಎಂದ ಜೈಲರ್. "ಆ ಹುಡುಗಿ ಪಾತ್ರೆ ಕದ್ದವಳಲ್ವಾ?"